ಕೆಮಿಸ್ಟ್ರಿಗೆ ಹೊರಟ ಮಾವ

ನಾನು ಕೆಲಸ ಮಾಡುವುದು ಕೋಟೇಶ್ವರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಅಲ್ಲಿಗೆ ಮಾವ ಬಂದರೆ ಮೊದಲು ನೋಡುತ್ತಿದ್ದದ್ದು ನನ್ನನ್ನಲ್ಲ, ಕಪಾಟಿನ ಬಾಟಲಿಗಳನ್ನು. ಒಂದೊಂದರ ಹೆಸರನ್ನೂ ಗಟ್ಟಿಯಾಗಿ ಓದಿ, ಅದರ ಸೂತ್ರ ಹೇಳಿ, ಆಮೇಲೆ ಕುರ್ಚಿಯಲ್ಲಿ ಕುಳಿತು ಕೈ ಚಾಚುತ್ತಿದ್ದ. ಸರದಿಗೆ ಕಾಯುತ್ತಿದ್ದವರು ಅವನನ್ನು ಯಾವುದೋ ಕಾಲೇಜಿನ ಮಾಷ್ಟ್ರು ಅಂದುಕೊಳ್ಳುತ್ತಿದ್ದರು. ಹಗ್ಗ ಎಳೆದೆಳೆದು ದಪ್ಪಗಟ್ಟಿದ ಅಂಗೈ ಕಂಡ ಮೇಲಷ್ಟೇ ಅವರಿಗೆ ಅನುಮಾನ ಬರುತ್ತಿತ್ತು.

ಮಾವ ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಬಾಟಲಿಗಳ ಹೆಸರನ್ನು ಈಗ ಯಾರೂ ಓದುವುದಿಲ್ಲ. ಲ್ಯಾಬ್ ಬಹಳ ಶಾಂತವಾಗಿದೆ, ಇಷ್ಟು ಶಾಂತವಾಗಿರಲಿ ಎಂದು ಹಿಂದೆ ನಾನೇ ಎಷ್ಟೋ ಸಲ ಅಂದುಕೊಂಡದ್ದುಂಟು.

ಅವನಿಗೆ ಈ ಕೆಮಿಸ್ಟ್ರಿ ಹಿಡಿದದ್ದು ಎರಡು ಸಾವಿರದ ಆಸುಪಾಸಿನ ಒಂದು ಬೇಸಿಗೆಯಲ್ಲಿ. ಆಗ ನಾನು ಬೈಂದೂರಿನ ಕಡಲ ಬದಿಯಲ್ಲಿದ್ದ ಅಜ್ಜಿಯ ಮನೆಯಲ್ಲಿದ್ದೆ. ಅಪ್ಪ ಮುಂಬೈಯ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದರು, ಅಮ್ಮನೂ ಅಲ್ಲೇ. ನನ್ನನ್ನು ಓದಲಿ ಎಂದು ಊರಿನಲ್ಲಿ ಬಿಟ್ಟಿದ್ದರು. ಅಜ್ಜಿ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಯಡ್ತರೆಯ ಯಾವ ಓಣಿಗೆ ಕಾಲಿಟ್ಟರೂ ಅವಳ ದನಿ ಅದರಾಚೆಯ ಎರಡು ಓಣಿಗಳಿಗೆ ಕೇಳುತ್ತಿತ್ತು. ಅವಳು ಹೆಬ್ಬಾಗಿಲಿಗೆ ಬರುವ ಮೊದಲೇ ಹೆಂಗಸರು ಪಾತ್ರೆ ಹಿಡಿದು ನಿಂತಿರುತ್ತಿದ್ದರು. ಬೆಕ್ಕುಗಳು ಇನ್ನೂ ಮೊದಲೇ ಬಂದಿರುತ್ತಿದ್ದವು.

ಮಾವ ಅವಳ ಕೊನೆಯ ಮಗ, ನನಗಿಂತ ಐದಾರು ವರ್ಷ ದೊಡ್ಡವನು. ನಮ್ಮಲ್ಲಿ ಸೋದರಮಾವ ಎಂದರೆ ಅಪ್ಪನಿಗಿಂತ ಒಂದು ಕೈ ಮೇಲೆ. ಮದುವೆಗೂ ಅವನ ಒಪ್ಪಿಗೆ ಬೇಕು, ಮನೆ ಪಾಲಿಗೂ ಅವನ ಮಾತು ಬೇಕು. ಅಂಥ ಅಧಿಕಾರ ಹುಟ್ಟಿನಿಂದಲೇ ಪಡೆದ ಮನುಷ್ಯ ಸೋದರಸೊಸೆಯ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಫೇಲಾದವರ ಪಾಠ ಕೇಳಬೇಕಾಗಿ ಬಂತು.

ಆ ವರ್ಷ ದ್ವಿತೀಯ ಪಿಯುಸಿ ಸೈನ್ಸಿನಲ್ಲಿ ನನಗೆ ಮೂರು ವಿಷಯ ಹೋಯಿತು: ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ಬಯಾಲಜಿ ಮಾತ್ರ ಪಾಸು. ಮೀನಿನ ಕಿವಿರು ಎಲ್ಲಿದೆ, ಹೇಗಿದೆ ಎಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕನ್ನಡದಲ್ಲಿ ಹತ್ತನೇ ತರಗತಿ ಮುಗಿಸಿ ಒಮ್ಮೆಲೇ ಇಂಗ್ಲಿಷಿನ ಸೈನ್ಸಿಗೆ ಬಿದ್ದವಳು ನಾನು. ಒಳ್ಳೆಯ ಮಾರ್ಕು ಬಂದಿದೆ, ಸೈನ್ಸ್ ತೆಗೆದುಕೊಳ್ಳಲಿ ಎಂದು ಕೇರಿಯೇ ತೀರ್ಮಾನಿಸಿತ್ತು. ಪರೀಕ್ಷೆ ಬರೆಯುವ ಹೊತ್ತಿಗೆ ಮಾತ್ರ ಕೇರಿ ಬರಲಿಲ್ಲ.

ಮಾವನಿಗೆ ಉಳಿದಿದ್ದದ್ದು ಕೆಮಿಸ್ಟ್ರಿ ಒಂದೇ. ಉಳಿದೆಲ್ಲವನ್ನೂ ಒಂದೊಂದಾಗಿ ಪಾಸು ಮಾಡಿಕೊಂಡಿದ್ದ. ಕೆಮಿಸ್ಟ್ರಿ ಮಾತ್ರ ವರ್ಷಕ್ಕೊಮ್ಮೆ ಬಂದು ಮಾತಾಡಿಸಿ ಹೋಗುವ ನೆಂಟನ ಹಾಗೆ ಉಳಿದಿತ್ತು. ಮುಂದಿನ ವರ್ಷದಿಂದ ಸಿಲೆಬಸ್ ಬದಲಾಗುವುದಿತ್ತು. ಹಳೆಯ ಪಾಠದಲ್ಲಿ ಬರೆಯುವವರಿಗೆ ಜೂನ್ ತಿಂಗಳ ಪೂರಕ ಪರೀಕ್ಷೆಯೇ ಕೊನೆಯದು.

ಮಾವ ಪಾಸಾಗಲೇಬೇಕಾಗಿದ್ದದ್ದು ಓದಿನ ಆಸೆಯಿಂದಲ್ಲ. ಅವನಿಗೆ ಕಡಲು ಆಗುತ್ತಿರಲಿಲ್ಲ. ಬೋಟು ಹೊಳೆಬಾಯಿಯ ಅಳಿವೆ ದಾಟಿ ಕಡಲಿಗೆ ಬಿದ್ದ ಕೂಡಲೇ ವಾಂತಿ. ನಮ್ಮ ಕೇರಿಯಲ್ಲಿ ಇದು ಹೇಳಿಕೊಳ್ಳುವ ಕಾಯಿಲೆಯಲ್ಲ. ತಲೆತಲಾಂತರದಿಂದ ಮೀನು ಹಿಡಿದ ಮನೆಯಲ್ಲಿ ಕಡಲು ಕಂಡರೆ ಕಕ್ಕುವವನು ಹುಟ್ಟಿದ್ದಾನೆ ಎಂದು ಯಾರ ಎದುರು ಹೇಳುವುದು? ಪಾಸಾದರೆ ಒಂದು ದಾರಿಯಿತ್ತು. ಕುಂದಾಪುರದ ಕಡೆಯ ಒಂದು ಐಸ್ ಪ್ಲಾಂಟಿನಲ್ಲಿ ಅಮೋನಿಯಾದ ಯಂತ್ರ ನೋಡಿಕೊಳ್ಳಲು ಸೈನ್ಸ್ ಪಿಯುಸಿ ಪಾಸಾದವನು ಬೇಕಾಗಿತ್ತು. ಜೂನ್ ಕಳೆಯುವವರೆಗೆ ಕಾಯುತ್ತೇನೆ ಎಂದು ಅದರ ಮಾಲೀಕ ಹೇಳಿದ್ದ.

ಬೋಟಿನಲ್ಲಿ ಪಾಲಿದ್ದ ಅವನ ಅಣ್ಣ, ನನ್ನ ದೊಡ್ಡ ಮಾವ, ಒಂದು ಸಂಜೆ ಜಗಲಿಯಲ್ಲಿ ಕುಳಿತು ತೀರ್ಪು ಕೊಟ್ಟ.

"ಕಾಣ್, ಈ ಸರ್ತಿ ಪಾಸಾರೆ ನೀ ಭೂಮಿ ಮೇಲೇ ಇರ್. ನಂಗೆ ಅಡ್ಡಿಲ್ಲೆ. ಇಲ್ದಿರೆ ಮಳೆಗಾಲ ಕಳ್ದ್ ಕೂಡ್ಲೆ ಬೋಟ್ ಹತ್ತ್. ನಡೂಕ್ ನಿಂತ್ಕಂಬುದ್ ಎಲ್ಲ ಬ್ಯಾಡ."

"ನಡೂಕ್ ನಿಂತ್ಕಂಡ್ರೆ ವಾಂತಿ ಕಮ್ಮಿ ಬತ್ತ್ ಅಂಬ್ರಲ್ಲ ಅಣ್ಣ" ಎಂದ ಮಾವ. ಬೋಟಿನ ನಡುಭಾಗ ಕಡಿಮೆ ತೂಗುತ್ತದೆ, ಅದು ನಿಜ. ಆದರೆ ದೊಡ್ಡ ಮಾವ ನಗಲಿಲ್ಲ.

ಹೀಗೆ ಏಪ್ರಿಲ್ ಕೊನೆಯಲ್ಲಿ ಇಬ್ಬರೂ ಕುಂದಾಪುರದ ಒಂದು ಟ್ಯುಟೋರಿಯಲ್ ಸೇರಿದೆವು. ನನ್ನ ಫಲಿತಾಂಶ ಇನ್ನೂ ಬಂದಿರಲಿಲ್ಲ. ಫೇಲಾಗುವುದರ ಬಗ್ಗೆ ನನಗೆ ಅಷ್ಟು ವಿಶ್ವಾಸವಿತ್ತು. ಅಷ್ಟು ದೂರ ಹುಡುಗಿಯನ್ನು ಒಬ್ಬಳೇ ಕಳಿಸುವುದು ಹೇಗೆ ಎಂದು ಅಜ್ಜಿ ಮಾವನನ್ನು ನನ್ನ ಕಾವಲಿಗೆ ಹಾಕಿದಳು. ಅದರಿಂದ ಅವನು ಕೆಮಿಸ್ಟ್ರಿಯ ಜೊತೆಗೆ, ಎಂದೋ ಪಾಸಾಗಿದ್ದ ಫಿಸಿಕ್ಸಿಗೂ ಮ್ಯಾಥ್ಸಿಗೂ ಕುಳಿತುಕೊಳ್ಳಬೇಕಾಯಿತು. ವಾರದ ಟೆಸ್ಟುಗಳಲ್ಲಿ ಕಾವಲಿಗೆ ಬಂದವನಿಗೆ ನನಗಿಂತ ಹೆಚ್ಚು ಮಾರ್ಕು ಬರುತ್ತಿತ್ತು.

ಇಡೀ ವರ್ಷ ಕಾಲೇಜಿನಲ್ಲಿ ನಿಧಾನವಾಗಿ ಅರ್ಥವಾಗದ ಪಾಠಗಳನ್ನು ಇಲ್ಲಿ ಆರೇಳು ವಾರಗಳಲ್ಲಿ ವೇಗವಾಗಿ ಅರ್ಥವಾಗದ ಹಾಗೆ ಮಾಡುತ್ತಿದ್ದರು. ಅಂಗಡಿ ಸಾಲಿನ ಮೇಲೆ ತಗಡಿನ ಮಾಡಿನ ಒಂದು ಉದ್ದ ಕೋಣೆ. ಬೆಳಿಗ್ಗೆ ಫಿಸಿಕ್ಸ್, ಬೆವರು ಹರಿಯುವ ಹೊತ್ತಿಗೆ ಕೆಮಿಸ್ಟ್ರಿ, ತಗಡು ಕಾದು ಟಿಕ್ ಟಿಕ್ ಎನ್ನುವಾಗ ಮ್ಯಾಥ್ಸ್. ವಿದ್ಯುತ್ತಿನ ಪಾಠ ನಡೆಯುವಾಗ ಕರೆಂಟು ಇರುತ್ತಿರಲಿಲ್ಲ. ಒಂದು ದಿನ ಜ್ವರ ಬಂದು ಮಲಗಿದವನು ಮರುದಿನ ಬರುವಷ್ಟರಲ್ಲಿ ಇಡೀ ಬೆಳಕಿನ ಅಧ್ಯಾಯ ಮುಗಿದು, ನಾವು ಪರಮಾಣುವಿನ ಒಳಗೆ ಹೋಗಿಬಿಟ್ಟಿರುತ್ತಿದ್ದೆವು.

ಕೆಮಿಸ್ಟ್ರಿ ಮಾಷ್ಟ್ರು ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ತೆಳ್ಳಗಿನ ಮನುಷ್ಯ, ಬಸ್ಸಿಳಿದು ಬಂದವರೇ ಸಮೀಕರಣ ಬರೆಯಲು ಶುರು. ಬಲಗೈ ಬರೆಯುತ್ತ ಹೋದಂತೆ ಎಡಗೈ ಒರೆಸುತ್ತ ಬರುತ್ತಿತ್ತು. ನಡುವೆ ಒಂದು ಗೇಣು ಜಾಗದಲ್ಲಿ ಏನು ಕಂಡಿತೋ ಅದೇ ನಮ್ಮ ವಿದ್ಯೆ.

ಮೊದಲ ದಿನವೇ ಮಾವ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದ್ದ. "ಒಳ್ಗೆ ನನ್ನ್ ಮಾವ ಅಂಬುಕಾಗ, ಗೊತ್ತಾಯ್ತಾ? ಮರ್ಯಾದಿ ಪ್ರಶ್ನೆ."

"ಮತ್ತೆಂತ ಅಂಬುದ್?"

"ಎಂತದೂ ಅನ್ಬ್ಯಾಡ. ಪೆನ್ನಲ್ಲ್ ಚುಚ್ಚ್."

ಆದರೆ ಅವನು ನಿದ್ದೆ ಹೋದಾಗ ಪೆನ್ನಿನಿಂದ ಚುಚ್ಚಿದರೆ ಏಳುತ್ತಿರಲಿಲ್ಲ. ಭಾನುವಾರ ಬೋಟಿನಲ್ಲಿ ಆಳು ಕಡಿಮೆಯಾದರೆ ದೊಡ್ಡ ಮಾವ ಅವನನ್ನು ಎಳೆದೊಯ್ಯುತ್ತಿದ್ದ. ಸೋಮವಾರದ ಕ್ಲಾಸಿಗೆ ಅವನು ಬರುತ್ತಿದ್ದದ್ದು ಹೊಟ್ಟೆಯಲ್ಲಿದ್ದದ್ದೆಲ್ಲ ಕಡಲಿಗೆ ಕೊಟ್ಟು. ಒಂದು ಸೋಮವಾರ ನಾನು ಬೇರೆ ದಾರಿ ಕಾಣದೆ "ಮಾವಾ" ಎಂದುಬಿಟ್ಟೆ. ಇಡೀ ಕೋಣೆ ತಿರುಗಿ ನೋಡಿತು. ಅಲ್ಲಿಂದ ಮುಂದೆ ಕ್ಲಾಸಿನ ಎಲ್ಲರಿಗೂ ಅವನು ಮಾವನೇ. ಕೊಕ್ಕರ್ಣೆಯಿಂದ ಬರುತ್ತಿದ್ದ ಒಬ್ಬ ಹುಡುಗಿ, "ಮಾವ, ಸ್ವಲ್ಪ ರಬ್ಬರ್ ಕೊಡಿ" ಎಂದು ಕೇಳಿದಾಗ ಮಾತ್ರ ಅವನ ಮುಖದಲ್ಲಿ ನಿಜವಾದ ನೋವು ಕಂಡಿತು.

ಮಧ್ಯಾಹ್ನದ ಓದು ಮನೆಯಂಗಳದಲ್ಲಿ. ಬೇಸಿಗೆಯಲ್ಲಿ ಅಜ್ಜಿ ಮಳೆಗಾಲಕ್ಕೆಂದು ಮೀನು ಒಣಗಿಸುತ್ತಿದ್ದಳು. ಉಪ್ಪು ಹಾಕಿದ ಬಂಗಡೆ, ಹರಡಿದ ಸಿಗಡಿ. ಕಾಗೆ ಕಾಯುವ ಕೆಲಸ ಓದುವವರಿಗೆ. ಅಜ್ಜಿಯ ಲೆಕ್ಕದಲ್ಲಿ ಓದು ಎಂದರೆ ಸುಮ್ಮನೆ ಕುಳಿತುಕೊಳ್ಳುವುದು, ಕಾಗೆ ಕಾಯುವುದೂ ಸುಮ್ಮನೆ ಕುಳಿತುಕೊಳ್ಳುವುದು. ಎರಡಕ್ಕೆ ಇಬ್ಬರು ಯಾಕೆ? ಹಾಗಾಗಿ ಮಾವ ಕೋಲು ಹಿಡಿದು ಪ್ರಶ್ನೆ ಕೇಳುವುದು, ನಾನು ಬಂಗಡೆ ಮಗುಚುತ್ತ ಉತ್ತರ ಹೇಳುವುದು.

"ಆಲ್ಡಿಹೈಡಿಗೂ ಕೀಟೋನಿಗೂ ಎಂತ ವ್ಯತ್ಯಾಸ? ಹ್ಞಾಂ, ಬಲಬದಿ ಕಾಗೆ, ಬಲಬದಿ!"

"ಆಲ್ಡಿಹೈಡ್ ಆರೆ ಬೆಳ್ಳಿ ಕನ್ನಡಿ ಬತ್ತ್."

"ಕೀಟೋನ್ ಆರೆ?"

"ಬತ್ತಿಲ್ಲೆ."

"ಕಾಗೆ?"

"ತಕಂಡ್ ಹೋಯ್ತ್."

ಪುಸ್ತಕಗಳಿಗೆ ಒಣಮೀನಿನ ವಾಸನೆ ಹತ್ತಿದ್ದು ನಮಗೆ ಗೊತ್ತಾಗಲಿಲ್ಲ. ನಮ್ಮ ಬೆಂಚಿನಲ್ಲಿ ನಾವಿಬ್ಬರೇ ಇದ್ದೆವು, ಉಳಿದ ಬೆಂಚುಗಳಲ್ಲಿ ಐದೈದು ಜನ. ಟ್ಯುಟೋರಿಯಲಿನವರು ನಮಗೆ ಏನೋ ಗೌರವ ಕೊಡುತ್ತಿದ್ದಾರೆ ಅಂದುಕೊಂಡಿದ್ದೆವು. ಮಾಷ್ಟ್ರು ಅಮೈನ್‌ಗಳ ಪಾಠ ಮಾಡಿದ ದಿನ ಸತ್ಯ ಹೊರಬಿತ್ತು. "ಇವುಗಳ ಮುಖ್ಯ ಗುಣ, ಮೀನಿನ ವಾಸನೆ" ಎಂದು ಅವರು ಹೇಳಿದ್ದೇ ತಡ, ಕ್ಲಾಸಿಗೆ ಕ್ಲಾಸೇ ನಮ್ಮ ಬೆಂಚಿನ ಕಡೆ ತಿರುಗಿತು. ನನಗೆ ಬೆಂಚಿನ ಕೆಳಗೆ ಹೋಗಿಬಿಡುವ ಹಾಗಾಯಿತು. ಮಾವ ಎದ್ದು ನಿಂತ.

"ಸಾರ್, ಒಂದ್ ಡೌಟ್. ಹಸಿ ಮೀನಿಂದಾ, ಒಣ ಮೀನಿಂದಾ?"

ಮಾಷ್ಟ್ರು ಒರೆಸುತ್ತಿದ್ದ ಎಡಗೈ ನಿಲ್ಲಿಸಿದರು. ಆ ಬೇಸಿಗೆಯಲ್ಲಿ ಅದು ನಿಂತದ್ದು ಅದೊಂದೇ ಸಲ. ಸ್ವಲ್ಪ ಯೋಚಿಸಿ, "ಪುಸ್ತಕದಲ್ಲಿ ಹಾಕಲಿಲ್ಲ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆವತ್ತಿನಿಂದ ಅಮೈನ್ ಎಂದರೆ ನನಗೆ ಹೆದರಿಕೆಯಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಮೀನಿಗೆ ಹೋಗುವ ಮನೆಗಳಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಅಂಗಳ ಇಳಿದ ಮೇಲೆ ಹಿಂದಿನಿಂದ ಕರೆಯುವುದೂ ಇಲ್ಲ. ಕರೆದರೆ ಹೋದ ಕೆಲಸ ಆಗುವುದಿಲ್ಲ. ಬಲೆ ಬರಿದಾಗಬಹುದು, ಅದಕ್ಕಿಂತ ಹೆಚ್ಚಿನದೂ ಆಗಬಹುದು. ಹೆಚ್ಚಿನದು ಏನೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಮುಂಬೈಯಲ್ಲಿ ಹುಟ್ಟಿದವಳು, ಇದೆಲ್ಲ ನನಗೆ ಅಷ್ಟು ಅಭ್ಯಾಸವಿರಲಿಲ್ಲ. ಕ್ಲಾಸು ಶುರುವಾದ ಎರಡನೆಯ ವಾರ, ಗೇಟಿನ ಹತ್ತಿರ ಹೋಗಿದ್ದ ಅವನನ್ನು, "ಮಾವಾ, ಬುತ್ತಿ ಬಿಟ್ಟ್ ಹೋಯ್ತ್" ಎಂದು ಕೂಗಿದೆ. ಅಜ್ಜಿ ಒಳಗಿನಿಂದ ಸೌಟು ಹಿಡಿದೇ ಓಡಿ ಬಂದಳು.

"ಹೆಣೆ, ಹೊರಟವ್ರನ್ನ್ ಹಿಂದಿಂದ ಕೂಗ್ತ್ಯಾ? ಬುದ್ಧಿ ಇತ್ತಾ ನಿಂಗೆ?" ಮತ್ತೆ ಮಾವನ ಕಡೆ ತಿರುಗಿ, "ಮಗಾ, ತಿರ್ಗಿ ಬಾ. ಕೂಕೊ. ಒಂದ್ ಗುಟ್ಕ್ ನೀರ್ ಕುಡ್ದ್ ಹೋಗ್."

"ಅಮ್ಮಾ, ಬಸ್ ಹೋತ್ತ್."

"ಬಸ್ ಹೋರೆ ಇನ್ನೊಂದ್ ಬತ್ತ್. ಹೋದ್ ಕೆಲ್ಸ ಕೆಟ್ರೆ?"

ಅದು ಪರಿಹಾರ. ತಿರುಗಿ ಬಂದು, ಜಗಲಿಯಲ್ಲಿ ಕುಳಿತು, ನೀರು ಕುಡಿದು, ಏನೂ ಆಗದವರ ಹಾಗೆ ಹೊಸದಾಗಿ ಹೊರಡಬೇಕು. ಮಾವ ಕುಳಿತು ನೀರು ಕುಡಿದ. "ರಿವರ್ಸಿಬಲ್ ರಿಯಾಕ್ಷನ್, ಕಾಣ್" ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದ. ಬಸ್ಸು ಹೋಯಿತು. ನಾವು ಮುಂದಿನದರಲ್ಲಿ ಹೋಗಿ ತಡವಾಗಿ ಮೆಟ್ಟಿಲು ಹತ್ತಿದಾಗ ಮಾಷ್ಟ್ರು, "ಓ, ಮಾವ ಸೊಸೆಯ ದಿಬ್ಬಣ ಬಂತು" ಎಂದರು. ಅಷ್ಟರಲ್ಲಿ ರಾಸಾಯನಿಕ ಸಮತೋಲನದ ಪಾಠ ಅರ್ಧ ಮುಗಿದಿತ್ತು. ಆ ಅರ್ಧ ನನಗೆ ಇವತ್ತಿಗೂ ಗೊತ್ತಿಲ್ಲ.

ಮೇ ತಿಂಗಳು ಹೀಗೆ ಹೋಯಿತು. ಮೊದಮೊದಲು ನಿದ್ದೆ ಮಾಡುತ್ತಿದ್ದವನು ಕೊನೆಕೊನೆಗೆ ಬಸ್ಸಿನಲ್ಲೂ ಸಮೀಕರಣ ಹೇಳುವಂತಾದ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ಕಾಣುವಲ್ಲಿ ಮಾತ್ರ ಹೊಳೆಯ ಕಡೆಗೇ ಮುಖ ತಿರುಗಿಸಿ ಕುಳಿತಿರುತ್ತಿದ್ದ. ಊಟಕ್ಕೆ ಕುಳಿತರೆ "ಸೋಡಿಯಂ ಕ್ಲೋರೈಡ್ ಹಾಕ್" ಎಂದು ಅಜ್ಜಿಯನ್ನು ಕೇಳುವುದು. ಅಜ್ಜಿ ಕೇಳಿಸಿಕೊಳ್ಳದವಳ ಹಾಗೆ ಉಪ್ಪು ಹಾಕುವುದು. ಕೊನೆಯ ಕ್ಲಾಸಿನ ದಿನ ಮಾಷ್ಟ್ರು ಅವನನ್ನು ಕರೆದು, "ಈ ಸಲ ನೀನು ಫೇಲಾಗಬೇಕು ಅಂದ್ರೆ ತುಂಬ ಕಷ್ಟ ಪಡಬೇಕಾದೀತು" ಎಂದರು. ಮಾವ ಆ ಮಾತನ್ನು ಮನೆಗೆ ಬಂದು ಅಜ್ಜಿಗೆ ಹೇಳಿದ. ಅಜ್ಜಿ ಅದನ್ನು ಯಡ್ತರೆಯ ಓಣಿ ಓಣಿಗೆ ಬೂತಾಯಿ ಮೀನಿನ ಜೊತೆ ಹಂಚಿ ಬಂದಳು.

ಕೆಮಿಸ್ಟ್ರಿ ಪರೀಕ್ಷೆಯ ಬೆಳಿಗ್ಗೆ ಮಳೆ. ಮಾವ ಹಾಲ್ ಟಿಕೆಟನ್ನು ಒದ್ದೆಯಾಗದಿರಲಿ ಎಂದು ಕಿಸೆಯಿಂದ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿದ. ಕವರನ್ನು ಜಗಲಿಯ ಕಟ್ಟೆಯ ಮೇಲಿಟ್ಟು ಚಪ್ಪಲಿ ಮೆಟ್ಟಿದ, ಕೊಡೆ ಬಿಡಿಸಿದ, "ಬತ್ತೆ ಅಮ್ಮಾ" ಎಂದು ಅಂಗಳ ಇಳಿದ. ನಾನು ಮುಂದೆ ಹೋಗಿದ್ದೆ. ಕವರು ಕಟ್ಟೆಯ ಮೇಲೇ ಉಳಿಯಿತು.

ಅಜ್ಜಿ ಅದನ್ನು ನೋಡಿದಾಗ ನಾವು ಇನ್ನೂ ಗೇಟಿನ ಆಚೆ ಹತ್ತು ಮಾರು ದೂರದಲ್ಲಿದ್ದೆವಂತೆ. ಕೊಡೆಗಳ ಬೆನ್ನು ಅವಳಿಗೆ ಕಾಣುತ್ತಿತ್ತು. ಎರಡು ಓಣಿಯಾಚೆ ಕೇಳುವ ದನಿ ಅವಳದು. ಒಂದು ಸಲ ಬಾಯಿ ತೆರೆದಿದ್ದರೆ ಸಾಕಿತ್ತು. ಅವಳು ತೆರೆಯಲಿಲ್ಲ. ಕವರನ್ನು ಸೆರಗಿನೊಳಗೆ ಸೇರಿಸಿಕೊಂಡು ಹಿತ್ತಿಲಿನಿಂದಿಳಿದು ಗದ್ದೆಯಂಚಿನಲ್ಲಿ ಓಡಿದಳು. ಆ ದಾರಿಯಲ್ಲಿ ಹೋದರೆ ನಮಗಿಂತ ಮೊದಲು ಯಡ್ತರೆಯ ಬಸ್‌ಸ್ಟಾಪು ತಲುಪಬಹುದು. ಅಲ್ಲಿ ಎದುರಿನಿಂದ ಬಂದು ಕೊಟ್ಟರೆ ದೋಷವಿಲ್ಲ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ನಮಗಿಂತ ಮೊದಲೇ ತಲುಪಿದಳು. ನಾವು ಬರುವ ದಾರಿಗೆ ಮುಖ ಮಾಡಿ, ಕವರನ್ನು ಕೈಯಲ್ಲಿ ಹಿಡಿದು ನಿಂತಳು.

ನಾವು ಬರಲಿಲ್ಲ. ಕೆಳಗಿನ ರಸ್ತೆಯಲ್ಲಿ ಪರಿಚಯದವನ ಐಸ್ ಟೆಂಪೊ ಸಿಕ್ಕಿತ್ತು. "ಹ್ವಾಯ್, ಮಳೀಗ್ ಎಂತಕೆ ಚಂಡಿ ಆತ್ರಿ, ಹತ್ತಿ" ಎಂದು ಅವನು ಅರ್ಧ ನೆನೆದಿದ್ದ ನಮಗೆ ಬಾಗಿಲು ತೆರೆದ. ಎಲ್ಲಿಗೆ ಎಂದು ಅವನೂ ಕೇಳಲಿಲ್ಲ, ನಮ್ಮ ಕೇರಿಯವನೇ ತಾನೆ. ಬೇರೆ ದಾರಿಯಿಂದ ಹೆದ್ದಾರಿಗೆ ಬಿದ್ದು ನಾವು ಬೇಗ ಕುಂದಾಪುರ ಮುಟ್ಟಿದೆವು. ಒಳ್ಳೆಯ ಶಕುನ ಎಂದು ಮಾವ ಖುಷಿಪಟ್ಟ.

ಪರೀಕ್ಷೆಯ ಕಾಲೇಜಿನ ಗೇಟಿನಲ್ಲಿ ಅವನು ಕಿಸೆ ಮುಟ್ಟಿಕೊಂಡ. ಆಮೇಲೆ ಪ್ಯಾಂಟಿನ ಕಿಸೆ. ಆಮೇಲೆ ನನ್ನ ಮುಖ ನೋಡಿದ.

ಒಳಗಿದ್ದವರು ಕೆಟ್ಟವರೇನಲ್ಲ. ಕಾಲೇಜಿನ ಮಕ್ಕಳಾದರೆ ಗುರುತಿಸಿ ಬಿಡಬಹುದಿತ್ತು, ಇವನು ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದವನು, ಇವನೇ ಇವನು ಎನ್ನಲು ಇವನ ಸೊಸೆಯೊಬ್ಬಳೇ ಸಾಕ್ಷಿ. ಶುರುವಾಗಿ ಅರ್ಧ ಗಂಟೆಯೊಳಗೆ ಹಾಲ್ ಟಿಕೆಟ್ ತಂದರೆ ಕೂರಿಸುತ್ತೇವೆ ಎಂದರು. ನಾವು ಬೇಗ ಬಂದದ್ದರಿಂದಲೇ ಅವನಿಗೆ ಆಸೆ ಹುಟ್ಟಿತು. ಓಡಿ ಬಸ್ ಹಿಡಿದರೆ ಹೋಗಿ ಬರಬಹುದು.

"ನೀ ಒಳ್ಗ್ ಹೋಗ್" ಎಂದ ನನಗೆ. "ಹೆದ್ರಬ್ಯಾಡ. ಅಮೈನ್ ಬಂದ್ರೆ ಬಂಗಡೆ ನೆನಪ್ ಮಾಡ್ಕೊ."

ಅವನ ಬಸ್ಸು ಬೈಂದೂರಿನ ಕಡೆ ಹೊರಟಾಗ ಅಜ್ಜಿಯ ಬಸ್ಸು ಕುಂದಾಪುರದ ಕಡೆ ಬರುತ್ತಿತ್ತು. ಬಸ್‌ಸ್ಟಾಪಿನಲ್ಲಿ ಕಾದು ಕಾದು, ಏನೋ ತಪ್ಪಿದೆ ಎಂದು ತಿಳಿದು ಅವಳೂ ಹತ್ತಿಬಿಟ್ಟಿದ್ದಳು. ಎರಡೂ ಬಸ್ಸುಗಳು ಮರವಂತೆಯ ಆಸುಪಾಸಿನಲ್ಲೆಲ್ಲೋ ಎದುರಾಗಿರಬೇಕು. ಮಾವ ಎಂದಿನಂತೆ ಹೊಳೆಯ ಕಡೆ ಮುಖ ಮಾಡಿದ್ದನಂತೆ.

ಅಜ್ಜಿಗೆ ಗೊತ್ತಿದ್ದದ್ದು ಟ್ಯುಟೋರಿಯಲ್ ಒಂದೇ. ಮೊದಲು ಅಲ್ಲಿಗೆ ಹೋಗಿ, ಬೀಗ ನೋಡಿ, ಕೆಳಗಿನ ಅಂಗಡಿಯವರನ್ನು ಕೇಳಿ, ಮಳೆಯಲ್ಲಿ ನೆನೆದು ಕಾಲೇಜಿನ ಗೇಟಿಗೆ ಬಂದಳು. ಅರ್ಧ ಗಂಟೆ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಹಾಲ್ ಟಿಕೆಟ್ ಬಂದಿತ್ತು, ಅದರ ಮೇಲಿನ ಫೋಟೊದವನು ಮಾತ್ರ ಇರಲಿಲ್ಲ.

ನಾನು ಕಿಟಕಿಯ ಪಕ್ಕ ಕುಳಿತು ಎರಡನೆಯ ಪ್ರಶ್ನೆ ಬರೆಯುತ್ತಿದ್ದೆ. ಇದ್ದಕ್ಕಿದ್ದಂತೆ ಗೇಟಿನಿಂದ ಅಜ್ಜಿಯ ದನಿ ಬಂತು. ಬೆಳಗ್ಗಿನಿಂದ ಹಿಡಿದಿಟ್ಟುಕೊಂಡದ್ದೆಲ್ಲ ಒಟ್ಟಿಗೆ ಹೊರಗೆ ಬಂದ ಹಾಗೆ.

"ನನ್ನ್ ಮಗ ಒಳ್ಗ್ ಇದ್ದ! ಪರೀಕ್ಷೆ ಬರೀತಾ ಇದ್ದ! ಇದ್ ಅವ್ನ್ ಕೈಗ್ ಕೊಡಿ!"

ಕಾವಲುಗಾರ ಏನೋ ಸಮಾಧಾನ ಹೇಳುತ್ತಿದ್ದ. ಅವನ ಮಾತು ಕೇಳಿಸಲಿಲ್ಲ. ಅಜ್ಜಿಯದು ಇಡೀ ಹಾಲಿಗೆ ಕೇಳಿಸಿತು. "ಹೋಯಿದ್ನಾ? ಎಲ್ಲಿಗ್ ಹೋಯಿದ? ಮನಿಗಾ? ಮನೇಲ್ ಎಂತ ಇತ್ತ್ ಅವ್ನಿಗ್? ಎಲ್ಲ ನನ್ನ್ ಕೈಯಗೇ ಇತ್ತಲ್ಲ!"

ಮೇಲ್ವಿಚಾರಕಿ ಕಿಟಕಿ ಮುಚ್ಚಿ, "ಯಾರೋ ಮೀನಿನವಳು, ನೀವು ಬರೀರಿ" ಎಂದರು. ನಾನು ಬರೆದೆ. ಆಲ್ಡಿಹೈಡ್ ಆದರೆ ಬೆಳ್ಳಿ ಕನ್ನಡಿ ಬರುತ್ತದೆ ಎಂದು ಬರೆದೆ. ಅಮೈನ್ ಬಂದಿತ್ತು, ಬಂಗಡೆ ನೆನಪು ಮಾಡಿಕೊಂಡು ಬರೆದೆ. ಅವನು ಕೋಲು ಹಿಡಿದು ಕೇಳಿದ್ದ ಪ್ರಶ್ನೆಗಳೇ ಮುಕ್ಕಾಲು ಪಾಲು ಬಂದಿದ್ದವು.

ಸಂಜೆ ನಾನು ಅಜ್ಜಿಯನ್ನು ಕರೆದುಕೊಂಡು ಮನೆ ಮುಟ್ಟಿದಾಗ ಮಾವ ಜಗಲಿಯಲ್ಲಿ ಕುಳಿತಿದ್ದ. ಮನೆಯೊಳಗೆ, ಹಿತ್ತಿಲಲ್ಲಿ, ಬಟ್ಟೆಯ ಗಂಟಿನೊಳಗೆ ಎಲ್ಲ ಹುಡುಕಿ, ಸಿಗದೆ, ಇನ್ನು ಹೋದರೂ ಆಗುವುದಿಲ್ಲ ಎಂದು ಕುಳಿತುಬಿಟ್ಟಿದ್ದ. ಅಜ್ಜಿ ಕವರನ್ನು ಅವನ ಎದುರು ಇಟ್ಟಳು. ಒಂದು ಹನಿ ನೀರೂ ತಾಗಿರಲಿಲ್ಲ.

"ಅಮ್ಮಾ" ಎಂದ ಮಾವ. "ನೀನ್ ಕಂಡದ್ದ್ ಯಾವಾಗ?"

"ನೀನ್ ಗೇಟ್ ದಾಟೂ ಹೊತ್ತಿಗ್."

"ಒಂದ್ ಸಲ ಕೂಗುಕಾತಿಲ್ಯಾ?"

ಅಜ್ಜಿ ಅವನನ್ನು ಬುದ್ಧಿಯಿಲ್ಲದವನನ್ನು ನೋಡುವ ಹಾಗೆ ನೋಡಿದಳು. "ಹ್ಯಾಂಗೆ ಕೂಗುದ್ ಮಗಾ? ನೀನ್ ಅಷ್ಟ್ ಓದಿದ್ದೆ. ಹಿಂದಿಂದ ಕೂಗಿರೆ ನೀನ್ ಫೇಲ್ ಆತಿದ್ದಿಲ್ಯಾ?"

ಮಾವ ಕವರನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಆಮೇಲೆ ನಗತೊಡಗಿದ. ಮೊದಲು ಸಣ್ಣಗೆ, ಮತ್ತೆ ಹೊಟ್ಟೆ ಹಿಡಿದುಕೊಂಡು. ಅಜ್ಜಿಗೂ ನಗು ಬಂತು, ನಗುತ್ತಲೇ ಅಳು ಬಂತು. ಅವಳು ಒಳಗೆ ಹೋಗಿ ಗಂಜಿ ಬಡಿಸಿದಳು. "ಸೋಡಿಯಂ ಕ್ಲೋರೈಡ್" ಎಂದು ಮಾವ ಕೇಳಿದ. ಆವತ್ತು ಮೊದಲ ಸಲ ಅಜ್ಜಿ, "ಹಾಕಿದ್ದೆ, ಉಣ್" ಎಂದು ಉತ್ತರ ಕೊಟ್ಟಳು.

ಫಲಿತಾಂಶದಲ್ಲಿ ನಾನು ಮೂರೂ ವಿಷಯ ಪಾಸು. ಮಾವನ ನಂಬರಿನ ಎದುರು ಫೇಲ್ ಎಂದು ಇರಲಿಲ್ಲ, ಗೈರುಹಾಜರಿ ಎಂದಿತ್ತು. "ಕಂಡ್ಯಾ, ಅಮ್ಮ ಕೂಗ್ದೆ ಇದ್ದದ್ಕೆ ನಾ ಫೇಲ್ ಆಯಿಲ್ಲೆ" ಎಂದು ಅವನು ಕೇರಿಯಲ್ಲೆಲ್ಲ ಹೇಳಿದ. ನಾನು ಲ್ಯಾಬಿನ ಡಿಪ್ಲೊಮಾಕ್ಕೆ ಸೇರಿದೆ. ಐಸ್ ಪ್ಲಾಂಟಿನವನು ಬೇರೆ ಯಾರನ್ನೋ ಇಟ್ಟುಕೊಂಡ. ಮಳೆಗಾಲ ಕಳೆದು ಬೋಟುಗಳು ಇಳಿದಾಗ ಮಾವ ಕಿಸೆಯಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಹತ್ತಿದ.

ಎಷ್ಟೋ ವರ್ಷ ಹತ್ತಿದ, ಇಳಿದ. ನಿಂಬೆಹಣ್ಣು ಕೊನೆಯವರೆಗೂ ಬಿಡಲಿಲ್ಲ, ಅದನ್ನು ಮಾತ್ರ ಸಿಟ್ರಿಕ್ ಆಸಿಡ್ ಎಂದು ಕರೆಯತೊಡಗಿದ. ಬೋಟಿನ ಉಳಿದವರಿಗೂ ಅದೇ ಹೆಸರು ಅಭ್ಯಾಸವಾಯಿತು. ಕಡಲು ಅವನಿಗೆ ವಾಂತಿಗಿಂತ ದೊಡ್ಡ ತೊಂದರೆ ಏನನ್ನೂ ಮಾಡಲಿಲ್ಲ. ಅಷ್ಟು ವರ್ಷ ಅಜ್ಜಿ ಹೆದರಿದ್ದೆಲ್ಲ ಕಡಲಿಗೇ.

ಕಳೆದ ಮಳೆಗಾಲದಲ್ಲಿ ಬೋಟುಗಳು ದಡದಲ್ಲಿದ್ದಾಗ, ಊಟವಾಗಿ ಕುಳಿತಿದ್ದವನು ಎದೆಯಲ್ಲಿ ಏನೋ ಹಿಡಿದ ಹಾಗಾಗುತ್ತದೆ ಎಂದ. ಆವತ್ತು ನಾನು ಅಜ್ಜಿಯ ಮನೆಯಲ್ಲೇ ಇದ್ದೆ. ಗ್ಯಾಸ್ ಇರಬೇಕು, ಸೋಡಿಯಂ ಬೈಕಾರ್ಬನೇಟ್ ಕೊಡು ಎಂದ. ನಾನು ಅದೆಲ್ಲ ಬೇಡ, ಡಾಕ್ಟರ ಹತ್ತಿರ ಹೋಗುವ ಎಂದೆ. ಅವನು ಜಗಳವಾಡದೆ ಎದ್ದದ್ದು ನೋಡಿ ನನಗೆ ಹೆದರಿಕೆಯಾಯಿತು. ಟವೆಲು ತೆಗೆದುಕೊಂಡ, ಕೊಡೆ ತೆಗೆದುಕೊಂಡ, ಕಿಸೆ ಮುಟ್ಟಿ ನೋಡಿಕೊಂಡ. ಈ ಸಲ ಏನನ್ನೂ ಮರೆತಿರಲಿಲ್ಲ. "ಬತ್ತೆ ಅಮ್ಮಾ" ಎಂದ. ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ಎಲ್ಲಿಗೆ ಎಂದು ಕೇಳಲಿಲ್ಲ. ಆಟೊ ಯಡ್ತರೆ ದಾಟುವ ಮೊದಲೇ ಅವನ ತಲೆ ನನ್ನ ಭುಜಕ್ಕೆ ವಾಲಿತು. ನಿದ್ದೆ ಎಂದುಕೊಂಡು ನಾನು ಹಳೆಯ ಅಭ್ಯಾಸದಂತೆ ಮೊದಲು ಬೆರಳಿನಿಂದ ಚುಚ್ಚಿದೆ. ಆಮೇಲೆ "ಮಾವಾ" ಎಂದೆ.

ಮರುದಿನ ಮಳೆ ಸ್ವಲ್ಪ ಬಿಟ್ಟಾಗ ಅವನನ್ನು ಅಂಗಳದಿಂದ ಎತ್ತಿದರು. ಹೆಂಗಸರು ಜಗಲಿಯಲ್ಲೇ ನಿಂತೆವು. ಅಜ್ಜಿಗೆ ಆಗಲೇ ಬೆನ್ನು ಬಾಗಿತ್ತು, ಬುಟ್ಟಿ ಬಿಟ್ಟು ವರ್ಷಗಳಾಗಿದ್ದವು. ಕಂಬ ಹಿಡಿದು ನೋಡುತ್ತಿದ್ದಳು. ಹೊತ್ತವರು ಗೇಟು ದಾಟಿ ಹತ್ತು ಮಾರು ಹೋಗಿರಬೇಕು. ಆಗ ಅವಳು ಕೂಗಿದಳು. ಯಡ್ತರೆಯ ಓಣಿಗಳು ಮರೆತಿದ್ದ ಆ ದನಿ ಎಲ್ಲಿತ್ತೋ.

"ಮಗಾ! ಹ್ವಾಯ್, ಮಗಾ! ತಿರ್ಗಿ ಬಾ! ಒಂದ್ ಗುಟ್ಕ್ ನೀರ್ ಕುಡ್ದ್ ಹೋಗ್!"

ಪಕ್ಕದ ಮನೆಯಾಕೆ, "ಅಯ್ಯೋ, ಹಿಂದಿಂದ ಕೂಗುಕಾಗ ಅಮ್ಮಾ" ಎಂದು ಬಾಯಿ ಮುಚ್ಚಲು ಬಂದಳು. ಅಜ್ಜಿ ಆ ಕೈಯನ್ನು ಸರಿಸಿದಳು. "ಕೂಗಿರೆ ಹೋದ್ ಕೆಲ್ಸ ಆತಿಲ್ಲೆ ಅಲ್ದಾ? ಆಗುದ್ ಬ್ಯಾಡ" ಎಂದಳು. ಮತ್ತೆ ಕೂಗಿದಳು.

ಹೊತ್ತವರು ನಿಂತೇಬಿಟ್ಟರು. ಎಲ್ಲರೂ ನಮ್ಮ ಕೇರಿಯವರು, ಕರೆದರೆ ನಿಲ್ಲಬೇಕೆಂದು ಗೊತ್ತಿದ್ದವರು. ನಿಂತು, ಏನು ಮಾಡುವುದೆಂದು ತಿಳಿಯದೆ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದೆ ಕೆಂಡ ಹಿಡಿದಿದ್ದ ದೊಡ್ಡ ಮಾವ ತಲೆ ತಗ್ಗಿಸಿಯೇ ಇದ್ದ. ನಾನು ಒಳಗೆ ಓಡಿ ಲೋಟದಲ್ಲಿ ನೀರು ತಂದೆ. ಯಾಕೆ ತಂದೆನೋ ಗೊತ್ತಿಲ್ಲ. ಬರುವಷ್ಟರಲ್ಲಿ ಯಾರೋ ಮುಂದೆ ಹೋಗಲು ಹೇಳಿರಬೇಕು, ದಾರಿಯ ತಿರುವಿನಲ್ಲಿ ಕೊಡೆಗಳ ಬೆನ್ನು ಮಾತ್ರ ಕಾಣುತ್ತಿತ್ತು.

ಅಜ್ಜಿ ನನ್ನ ಕೈಯಿಂದ ಲೋಟ ತೆಗೆದುಕೊಂಡಳು. ಅವನು ಯಾವಾಗಲೂ ಕೂರುತ್ತಿದ್ದ ಕಟ್ಟೆಯ ಮೇಲೆ ಕುಳಿತು, ಆ ನೀರನ್ನು ತಾನೇ ಕುಡಿದಳು.